ಇಂಟರ್‌ವ್ಯೂಗೆ ಹೋಗಿಬಂದವರ ಅನುಭವ ನಿಮ್ಮ ಕೈಗೆ ಬಂದಾಗ: ಓದುವುದು ಹೇಗೆ, ತಯಾರಾಗುವುದು ಹೇಗೆ

‘ಸರ್, ನಾಡಿದ್ದು ಈ ಕಂಪನಿಯಲ್ಲಿ ಇಂಟರ್‌ವ್ಯೂ ಇದೆ. ಅಲ್ಲಿ ಏನೇನು ಕೇಳ್ತಾರೆ?’

ವಾರಕ್ಕೆ ನಾಲ್ಕಾರು ಸಲವಾದರೂ ಈ ಪ್ರಶ್ನೆ ನನಗೆ ಬರುತ್ತದೆ. ಬದಲಾಗುವುದು ಕಂಪನಿಯ ಹೆಸರು ಮಾತ್ರ. ಕೇಳುವವರಲ್ಲಿ ಹೆಚ್ಚಿನವರು ದಾವಣಗೆರೆ, ಹಾಸನ, ಕಲಬುರಗಿ ಕಡೆ ಓದು ಮುಗಿಸಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದವರು, ಇಲ್ಲವೇ ರಾತ್ರಿ ಬಸ್ ಹತ್ತಲು ತಯಾರಾಗಿ ನಿಂತವರು. ನಾನು ವೈಟ್‌ಫೀಲ್ಡ್ ಕಡೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ, ಕೆಲವು ವರ್ಷಗಳಿಂದ ಇಂಟರ್‌ವ್ಯೂ ಪ್ಯಾನೆಲ್‌ನಲ್ಲೂ ಕೂರುತ್ತೇನೆ. ಮೇಜಿನ ಆಚೆ ಬದಿಯಿಂದ ನೋಡಿದಾಗ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಹಿಂದಿನವರಿಗೆ ಕೇಳಿದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡು ಬಂದವರು ಮೊದಲ ಪ್ರಶ್ನೆಗೆ ಪಟಪಟನೆ ಉತ್ತರಿಸುತ್ತಾರೆ, ಅದರ ಬೆನ್ನಿಗೇ ಬರುವ ಮರುಪ್ರಶ್ನೆಗೆ ತಡವರಿಸುತ್ತಾರೆ. ನಾವು ಅಂಕ ಕೊಡುವುದು ಬಹುಪಾಲು ಆ ಮರುಪ್ರಶ್ನೆಗೇ.

ಹಾಗಾಗಿ ಬೇರೆಯವರ ಅನುಭವ ಓದುವಾಗ ‘ಏನು ಕೇಳಿದರು’ ಎನ್ನುವುದಕ್ಕಿಂತ ‘ಉತ್ತರ ಹೇಳಿದ ಮೇಲೆ ಮತ್ತೇನು ಕೇಳಿದರು’ ಎಂಬುದನ್ನು ಹುಡುಕಿ. ಇಡೀ ಲೇಖನವನ್ನು ಇದೇ ಮಾತಿನ ಮೇಲೆ ಬರೆದಿದ್ದೇನೆ. ಒಂದು ನೋಟ್‌ಬುಕ್ ಮತ್ತು ನಾಲ್ಕೈದು ದಿನ ಕೈಯಲ್ಲಿದ್ದರೆ ಸಾಕು.

1. ಯಾವ ಇಂಟರ್‌ವ್ಯೂ ಎಂದು ಮೊದಲು ಖಚಿತ ಮಾಡಿಕೊಳ್ಳಿ

ಕರೆ ಮಾಡಿದ ರಿಕ್ರೂಟರ್, ಅಂದರೆ ಅಭ್ಯರ್ಥಿಗಳನ್ನು ಹುಡುಕಿ ಕರೆಸುವ ಎಚ್‌ಆರ್ ವಿಭಾಗದವರು, ಫೋನ್ ಇಡುವ ಮುಂಚೆ ಇಷ್ಟು ಕೇಳಿ: ಯಾವ ಹುದ್ದೆಗೆ, ಒಟ್ಟು ಎಷ್ಟು ಸುತ್ತು, ಆಫೀಸಿಗೆ ಬರಬೇಕೋ ಆನ್‌ಲೈನೋ, ಕೋಡ್ ಬರೆಸುತ್ತಾರೋ ಬರೀ ಮಾತುಕತೆಯೋ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು ತುಂಬ ಜನ ಸುಮ್ಮನಾಗಿಬಿಡುತ್ತಾರೆ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ದಿನಕ್ಕೆ ಹತ್ತಾರು ಜನರಿಗೆ ಇದೇ ಉತ್ತರ ಕೊಡುವುದು ಅವರ ಕೆಲಸ.

ಇನ್ನೊಂದು ಪ್ರಶ್ನೆ ಬೆಂಗಳೂರಿನಲ್ಲಿ ಕೇಳಲೇಬೇಕು: ‘ಪೇರೋಲ್ ಯಾರದು?’ ಪೇರೋಲ್ ಎಂದರೆ ನಿಮಗೆ ಸಂಬಳ ಕೊಡುವ, ಕಾಗದದ ಮೇಲೆ ನಿಮ್ಮನ್ನು ನೌಕರ ಎಂದು ತೋರಿಸುವ ಸಂಸ್ಥೆ. ದೊಡ್ಡ ಕಂಪನಿಯ ಹೆಸರು ಹೇಳಿ ಕರೆಯುತ್ತಾರೆ, ಕೂತು ಕೆಲಸ ಮಾಡುವುದೂ ಅಲ್ಲಿಯೇ, ಆದರೆ ಆಫರ್ ಲೆಟರ್ ಬರುವುದು ಮಧ್ಯದ ಇನ್ನೊಂದು ಸಂಸ್ಥೆಯಿಂದ. ಅದರಲ್ಲಿ ತಪ್ಪೇನಿಲ್ಲ, ಹಾಗೆ ಸೇರಿ ಮುಂದೆ ಕಾಯಂ ಆದವರೂ ಇದ್ದಾರೆ. ಆದರೆ ಆ ವಿಷಯ ಸೇರುವ ಮುಂಚೆ ಗೊತ್ತಿರಬೇಕು. ಕಾಂಟ್ರ್ಯಾಕ್ಟ್ ಹುದ್ದೆಯ ಸುತ್ತುಗಳು ಬೇರೆಯಾಗಿರುತ್ತವೆ, ಅದೇ ಕಂಪನಿಯ ಕಾಯಂ ಹುದ್ದೆಗೆ ಹೋದವರ ಅನುಭವ ನಿಮಗೆ ಪೂರ್ತಿ ಹೊಂದುವುದಿಲ್ಲ.

ಎಚ್ಚರಿಕೆ: ಇಂಟರ್‌ವ್ಯೂಗೆ, ಟ್ರೈನಿಂಗ್‌ಗೆ, ಲ್ಯಾಪ್‌ಟಾಪ್ ಡೆಪಾಸಿಟ್‌ಗೆ, ‘ಫೈಲ್ ಮೂವ್ ಮಾಡಿಸೋಕೆ’ ಎಂದು ಯಾವ ಹೆಸರಿನಲ್ಲಿ ದುಡ್ಡು ಕೇಳಿದರೂ ಅಲ್ಲಿಗೇ ಮಾತು ನಿಲ್ಲಿಸಿ. ಮೇಲ್ ಬಂದ ವಿಳಾಸದಲ್ಲಿ ಕಂಪನಿಯ ಸ್ವಂತ ಡೊಮೇನ್ ಇದೆಯೋ, ಯಾರು ಬೇಕಾದರೂ ತೆರೆಯಬಹುದಾದ ಜಿಮೇಲ್ ಖಾತೆಯೋ ನೋಡಿ. ಆಗಲೇ ದುಡ್ಡು ಕಳಿಸಿಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ, ಆ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

2. ಅನುಭವಗಳನ್ನು ಕಲೆಹಾಕಿ, ಆಮೇಲೆ ಸೋಸಿ

ಕಾಲೇಜಿನ ಸೀನಿಯರ್‌ಗಳು, ಪಿಜಿಯಲ್ಲಿ ಪಕ್ಕದ ಹಾಸಿಗೆಯವರು, ಪ್ಲೇಸ್‌ಮೆಂಟ್ ಸೆಲ್, ಗ್ಲಾಸ್‌ಡೋರ್, ಆಂಬಿಷನ್‌ಬಾಕ್ಸ್‌ನಂಥ ತಾಣಗಳು, ಹೀಗೆ ಎಲ್ಲ ಕಡೆಯಿಂದ ಒಂದು ಹದಿನೈದು ಅನುಭವ ಸಿಗುತ್ತವೆ. ನೇರವಾಗಿ ಮಾತಾಡಿ ತಿಳಿದುಕೊಂಡದ್ದಕ್ಕೆ ಹೆಚ್ಚು ಬೆಲೆ ಕೊಡಿ, ಏಕೆಂದರೆ ಅವರನ್ನು ನೀವು ತಿರುಗಿ ಪ್ರಶ್ನೆ ಕೇಳಬಹುದು.

ಸೋಸುವಾಗ ನೋಡಬೇಕಾದ್ದು ಇಷ್ಟು. ಅನುಭವ ಯಾವಾಗಿನದು? ಒಂದೂವರೆ ವರ್ಷಕ್ಕಿಂತ ಹಳೆಯದಾದರೆ ಸುತ್ತುಗಳ ಕ್ರಮವನ್ನು ನಂಬಬೇಡಿ, ಕೇಳುವ ರೀತಿಯನ್ನು ಮಾತ್ರ ತೆಗೆದುಕೊಳ್ಳಿ. ಹೋದವರು ಫ್ರೆಷರೋ, ಅಂದರೆ ಈಗಷ್ಟೇ ಓದು ಮುಗಿಸಿದವರೋ, ಅನುಭವಸ್ಥರೋ? ಯಾವ ದಾರಿಯಲ್ಲಿ ಹೋದರು? ಕ್ಯಾಂಪಸ್ ಡ್ರೈವ್, ವಾಕ್‌ಇನ್, ಒಳಗಿನವರ ರೆಫರಲ್, ಈ ಮೂರಕ್ಕೂ ಒಂದೇ ಕಂಪನಿಯಲ್ಲೂ ಬೇರೆ ಬೇರೆ ಬಗೆಯ ಸುತ್ತುಗಳಿರುತ್ತವೆ. ಕೊನೆಯದಾಗಿ, ತಂಡ ಯಾವುದು? ದೊಡ್ಡ ಕಂಪನಿಯಲ್ಲಿ ಒಂದು ತಂಡದ ಇಂಟರ್‌ವ್ಯೂ ಇನ್ನೊಂದು ತಂಡದವರಿಗೇ ಗೊತ್ತಿರುವುದಿಲ್ಲ.

ಬರೆದವರ ಸಿಟ್ಟನ್ನೂ ಸಂತೋಷವನ್ನೂ ಬದಿಗಿಡಿ. ಆಯ್ಕೆಯಾದವರು ‘ತುಂಬಾ ಈಸಿ ಇತ್ತು’ ಎನ್ನುತ್ತಾರೆ, ಆಗದವರು ‘ಸುಮ್ಮನೆ ಕರೆಸಿ ಕಳಿಸಿದರು’ ಎನ್ನುತ್ತಾರೆ. ನನ್ನ ಮಟ್ಟಿಗೆ ಆಗದವರ ಅನುಭವದಲ್ಲೇ ಹೆಚ್ಚು ಕಲಿಯುವುದಿದೆ. ಎಲ್ಲಿ ಮಾತು ನಿಂತುಹೋಯಿತು ಎಂಬುದು ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಸಂಕೋಚ ಬಿಟ್ಟು, ಮರ್ಯಾದೆಯಿಂದ ಕೇಳಿ: ‘ಅಣ್ಣಾ, ಯಾವ ಪ್ರಶ್ನೆ ಆದಮೇಲೆ ಅವರ ಮುಖ ಬದಲಾಯ್ತು?’ ಒಳ್ಳೆಯ ಮನಸ್ಸಿನವರು ಹೇಳಿಯೇ ಹೇಳುತ್ತಾರೆ.

3. ಒಂದೊಂದು ಪ್ರಶ್ನೆಯನ್ನೂ ಮೂರು ಮೆಟ್ಟಿಲು ಕೆಳಗಿಳಿಸಿ

ನಿಮ್ಮ ಸಮಯದ ಅರ್ಧ ಭಾಗವನ್ನು ಇದಕ್ಕೇ ಕೊಡಿ.

ಡೇಟಾಬೇಸ್ ಬಲ್ಲವರಿಗೆ ಬೆಂಗಳೂರಿನಲ್ಲಿ ಎಷ್ಟೋ ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆಯೊಂದಿದೆ: ನೌಕರರ ಟೇಬಲ್‌ನಲ್ಲಿ ಎರಡನೇ ಅತಿ ಹೆಚ್ಚು ಸಂಬಳ ಯಾವುದು, ಎಸ್‌ಕ್ಯೂಎಲ್‌ನಲ್ಲಿ (ಡೇಟಾಬೇಸ್‌ನಿಂದ ಮಾಹಿತಿ ಕೇಳಿ ತೆಗೆಯುವ ಭಾಷೆ) ಬರೆಯಿರಿ. ಪ್ರಶ್ನೆಗಳ ಪಟ್ಟಿ ಓದಿ ಬಂದವರು ಸಂಬಳವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮೊದಲನೆಯದನ್ನು ಬಿಟ್ಟು ಮುಂದಿನದನ್ನು ತೆಗೆಯುವ ಸಾಲನ್ನು ಬರೆದು ಪೆನ್ ಕೆಳಗಿಡುತ್ತಾರೆ. ಆಗ ನಾನು ಕೇಳುತ್ತೇನೆ: ‘ಅತಿ ಹೆಚ್ಚು ಸಂಬಳ ಇಬ್ಬರಿಗೆ ಇದ್ದರೆ?’ ಒಂದು ಲಕ್ಷ, ಒಂದು ಲಕ್ಷ, ಎಂಬತ್ತು ಸಾವಿರ ಎಂದಿದ್ದರೆ ಅವರು ಬರೆದ ಸಾಲು ಮತ್ತೆ ಒಂದು ಲಕ್ಷವನ್ನೇ ಕೊಡುತ್ತದೆ. ಒಂದೇ ಬೆಲೆ ಮತ್ತೆ ಮತ್ತೆ ಬಂದರೆ ಒಮ್ಮೆ ಮಾತ್ರ ಹಿಡಿಯುವ ಡಿಸ್ಟಿಂಕ್ಟ್ ಎಂಬ ಪದ ಸೇರಿಸಿದರೆ ಸರಿಹೋಗುತ್ತದೆ. ಇಲ್ಲವೇ ಗರಿಷ್ಠ ಸಂಬಳಕ್ಕಿಂತ ಕಡಿಮೆ ಇರುವವುಗಳಲ್ಲಿ ಮತ್ತೆ ಗರಿಷ್ಠ ಯಾವುದು ಎಂದು ಕೇಳಬಹುದು. ಇದು ಮೊದಲ ಮೆಟ್ಟಿಲು.

ಎರಡನೆಯದು: ‘ಟೇಬಲ್‌ನಲ್ಲಿ ಒಬ್ಬನೇ ನೌಕರ ಇದ್ದರೆ ಏನು ಬರುತ್ತದೆ?’ ಗರಿಷ್ಠದ ಒಳಗೆ ಗರಿಷ್ಠ ಬರೆದವರಿಗೆ ನಲ್ ಬರುತ್ತದೆ, ಅಂದರೆ ಬೆಲೆಯೇ ಇಲ್ಲದ ಒಂದು ಸಾಲು. ಜೋಡಿಸಿ ಬಿಟ್ಟು ತೆಗೆದವರಿಗೆ ಸಾಲೇ ಬರುವುದಿಲ್ಲ. ಈ ಎರಡಕ್ಕೂ ವ್ಯತ್ಯಾಸವಿದೆ ಎಂದು ಬಲ್ಲವರು ಅದನ್ನು ಒಮ್ಮೆಯಾದರೂ ಕೈಯಾರೆ ಓಡಿಸಿ ನೋಡಿದ್ದಾರೆ ಎಂದು ಪ್ಯಾನೆಲ್‌ಗೆ ಗೊತ್ತಾಗುತ್ತದೆ. ಮೂರನೆಯದು: ‘ಪ್ರತಿ ವಿಭಾಗದಲ್ಲೂ ಎರಡನೆಯವರು ಬೇಕು.’ ಇಲ್ಲಿ ಡೆನ್ಸ್ ರ್‍ಯಾಂಕ್ ಎಂಬ ಫಂಕ್ಷನ್ ಬೇಕಾಗುತ್ತದೆ. ಒಂದೇ ಸಂಬಳದವರಿಗೆ ಒಂದೇ ಸ್ಥಾನ ಕೊಟ್ಟು, ನಡುವೆ ಸ್ಥಾನ ಖಾಲಿ ಬಿಡದೆ ಎಣಿಸುವುದು ಅದರ ಗುಣ.

ಒಂದೇ ಪ್ರಶ್ನೆ, ಮೂರು ಮೆಟ್ಟಿಲು. ನೀವು ಕಲೆಹಾಕಿದ ಪ್ರತಿ ಪ್ರಶ್ನೆಗೂ ಹೀಗೆ ಮಾಡಿ. ‘ಒಂದೇ ಇದ್ದರೆ? ಖಾಲಿ ಇದ್ದರೆ? ಕೋಟಿಗಟ್ಟಲೆ ಇದ್ದರೆ?’ ಎಂದು ನಿಮ್ಮನ್ನೇ ಕೇಳಿಕೊಂಡರೆ ಮುಕ್ಕಾಲು ಪಾಲು ಮರುಪ್ರಶ್ನೆಗಳು ಮನೆಯಲ್ಲೇ ಸಿಕ್ಕಿಬಿಡುತ್ತವೆ. ಐವತ್ತು ಪ್ರಶ್ನೆ ಓದುವುದಕ್ಕಿಂತ ಹನ್ನೆರಡು ಪ್ರಶ್ನೆಯನ್ನು ಹೀಗೆ ಬಗೆಯುವುದು ಮೇಲು.

ಕೋಡಿಂಗ್ ಇಲ್ಲದ ಕೆಲಸಗಳಿಗೂ ಇದೇ ದಾರಿ. ಅಕೌಂಟ್ಸ್ ಹುದ್ದೆಗೆ ಹೋದವರೊಬ್ಬರಿಗೆ ‘ಬ್ಯಾಂಕ್ ರಿಕನ್ಸಿಲಿಯೇಷನ್ ಎಂದರೇನು’ ಎಂದು ಕೇಳಿದರಂತೆ ಎಂದಿಟ್ಟುಕೊಳ್ಳಿ. ನಮ್ಮ ಲೆಕ್ಕದ ಪುಸ್ತಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ತಾಳೆ ನೋಡುವುದು ಎಂಬ ಉತ್ತರ ಎಲ್ಲರಿಗೂ ಗೊತ್ತು. ಮರುಪ್ರಶ್ನೆ ಹೀಗಿರುತ್ತದೆ: ‘ಚೆಕ್ ಕೊಟ್ಟಾಗಿದೆ, ಅವರಿನ್ನೂ ಬ್ಯಾಂಕಿಗೆ ಹಾಕಿಲ್ಲ. ಯಾವ ಕಡೆ ಬ್ಯಾಲೆನ್ಸ್ ಜಾಸ್ತಿ ಇರುತ್ತೆ?’ ಬ್ಯಾಂಕಿನ ಕಡೆ ಎನ್ನುವುದಷ್ಟೇ ಸಾಲದು, ಏಕೆ ಎಂದು ಒಂದು ವಾಕ್ಯದಲ್ಲಿ ಹೇಳಲು ಬರಬೇಕು.

4. ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ

‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂದೊಡನೆ ನಮ್ಮ ಮಕ್ಕಳು ಊರು, ಅಪ್ಪನ ಹೆಸರು, ಅಪ್ಪ ವ್ಯವಸಾಯ, ಅಮ್ಮ ಗೃಹಿಣಿ, ಒಬ್ಬ ತಮ್ಮ, ಹವ್ಯಾಸ ಕ್ರಿಕೆಟ್ ಎಂದು ಶುರುಮಾಡುತ್ತಾರೆ. ಕಾಲೇಜಿನಲ್ಲಿ ಹಾಗೆ ಕಲಿಸಿರುತ್ತಾರೆ. ಅಪ್ಪ ರೈತ ಎಂದು ಹೇಳುವುದರಲ್ಲಿ ಹೆಮ್ಮೆಯೇ ಇದೆ, ಆದರೆ ಆ ಅರ್ಧ ನಿಮಿಷ ನಿಮ್ಮ ಕೆಲಸದ ಮಾತಿಗೆ ಬೇಕು. ಒಂದೂವರೆ ನಿಮಿಷದಲ್ಲಿ ಮುಗಿಸಿ: ಏನು ಓದಿದಿರಿ, ಯಾವ ಪ್ರಾಜೆಕ್ಟ್ ಅಥವಾ ಕೆಲಸ ಮಾಡಿದಿರಿ, ಅದರಲ್ಲಿ ನಿಮ್ಮ ಕೈಯಿಂದ ಆದದ್ದೇನು, ಈ ಹುದ್ದೆ ಏಕೆ ಬೇಕು.

‘ನಿಮ್ಮ ಕೈಯಿಂದ ಆದದ್ದು’ ಎನ್ನುವಲ್ಲಿ ಕನ್ನಡಿಗರು ವಿಶೇಷವಾಗಿ ಎಡವುತ್ತಾರೆ. ‘ನಾನು’ ಎನ್ನುವುದು ಜಂಬ ಎಂದು ನಾವು ಬೆಳೆದ ರೀತಿ. ಹಾಗಾಗಿ ಇಂಗ್ಲಿಷಿನಲ್ಲೂ ‘ವಿ ಡಿಡ್’, ‘ವಿ ಮೇಡ್’ ಎಂದೇ ಬರುತ್ತದೆ. ಕೇಳುವವರಿಗೆ ನೀವು ಏನು ಮಾಡಿದಿರಿ ಎಂಬುದೇ ಕಾಣುವುದಿಲ್ಲ. ನಾಲ್ಕು ಜನರ ಪ್ರಾಜೆಕ್ಟ್ ಆಗಿದ್ದರೆ ಹಾಗೆಂದು ಒಮ್ಮೆ ಹೇಳಿ, ಆಮೇಲೆ ‘ಲಾಗಿನ್ ಭಾಗ ನಾನು ಬರೆದೆ’ ಎಂದು ನೇರವಾಗಿ ಹೇಳಿ. ಸತ್ಯ ಹೇಳುವುದರಲ್ಲಿ ಜಂಬವಿಲ್ಲ.

ಇಂಗ್ಲಿಷಿನ ಭಯದ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ನಾವು ತೆಗೆದುಕೊಂಡಿದ್ದೇವೆ, ಮುಂದೆಯೂ ತೆಗೆದುಕೊಳ್ಳುತ್ತೇವೆ. ಚಿಕ್ಕ ವಾಕ್ಯಗಳು ಸಾಕು. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳಿ. ಅರ್ಥವಾಗದ ಪ್ರಶ್ನೆಗೆ ಊಹೆಯ ಮೇಲೆ ಐದು ನಿಮಿಷ ಉತ್ತರಿಸುವುದು ಇದಕ್ಕಿಂತ ಹತ್ತು ಪಟ್ಟು ಹಾನಿ. ಮೂರು ದಿನ ಸಂಜೆ ಅರ್ಧ ಗಂಟೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ನಿಮ್ಮ ಪ್ರಾಜೆಕ್ಟ್ ವಿವರಿಸಿ, ಆಮೇಲೆ ಕೇಳಿಸಿಕೊಳ್ಳಿ. ಮೊದಲ ದಿನ ಕೇಳಲು ಕಷ್ಟವಾಗುತ್ತದೆ, ಮೂರನೇ ದಿನದ ಹೊತ್ತಿಗೆ ಎಲ್ಲಿ ತಡವರಿಸುತ್ತೀರಿ ಎಂದು ಗೊತ್ತಾಗಿರುತ್ತದೆ. ಪ್ಯಾನೆಲ್‌ನವರು ತಾವಾಗಿ ಕನ್ನಡಕ್ಕೆ ಬಂದರೆ ಧಾರಾಳವಾಗಿ ಕನ್ನಡದಲ್ಲಿ ಹೇಳಿ. ಕನ್ನಡ ಬಾರದವರು ಜೊತೆಗಿದ್ದರೆ ಅವರಿಗಾಗಿ ಮತ್ತೆ ಇಂಗ್ಲಿಷಿಗೆ ಬನ್ನಿ.

5. ಕಾಗದಪತ್ರ

ಎಸ್ಸೆಸ್ಸೆಲ್ಸಿಯಿಂದ ಕೊನೆಯ ಸೆಮಿಸ್ಟರ್‌ವರೆಗಿನ ಅಂಕಪಟ್ಟಿ, ಪದವಿ ಪ್ರಮಾಣಪತ್ರ (ಘಟಿಕೋತ್ಸವ ಆಗಿಲ್ಲದಿದ್ದರೆ ಪ್ರೊವಿಷನಲ್), ಗುರುತಿನ ಚೀಟಿ, ರೆಸ್ಯೂಮ್‌ನ ಎರಡು ಪ್ರತಿ. ಕೆಲಸ ಬದಲಿಸುವವರು ಕೊನೆಯ 3 ತಿಂಗಳ ಪೇಸ್ಲಿಪ್, ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ ಪತ್ರ) ಮತ್ತು ಯುಎಎನ್, ಅಂದರೆ ಪಿಎಫ್ (ಭವಿಷ್ಯ ನಿಧಿ) ಖಾತೆಗಳನ್ನು ಒಂದೆಡೆ ಜೋಡಿಸುವ 12 ಅಂಕಿಯ ಸಂಖ್ಯೆ. ಮೂಲ ಪ್ರತಿಗಳನ್ನು ತೋರಿಸಿ, ಕೈಬಿಡಬೇಡಿ. ಸೇರಿದ ಮೇಲೂ ‘ಒರಿಜಿನಲ್ ಮಾರ್ಕ್ಸ್‌ಕಾರ್ಡ್ ನಮ್ಮ ಹತ್ತಿರ ಇರಲಿ’ ಎನ್ನುವ ಕಡೆ ಎರಡು ಸಲ ಯೋಚಿಸಿ.

ಎಚ್ಚರಿಕೆ: ಕೆಲವು ಕೋರ್ಸ್ ಸೆಂಟರ್‌ಗಳು ಎರಡು ವರ್ಷದ ಸುಳ್ಳು ಅನುಭವ ಪತ್ರ ಮಾಡಿಕೊಡುತ್ತೇವೆ ಎನ್ನುತ್ತವೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಆಯ್ಕೆಯಾದ ಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಇರುತ್ತದೆ, ನೀವು ಕೊಟ್ಟ ವಿವರಗಳನ್ನು ಹೊರಗಿನ ಸಂಸ್ಥೆಯೊಂದರಿಂದ ಪರಿಶೀಲಿಸುವ ಹಂತ ಅದು. ಯಾವ ಕಂಪನಿಯಿಂದ ಯಾವ ದಿನದಿಂದ ಯಾವ ದಿನದವರೆಗೆ ಪಿಎಫ್ ಕಟ್ಟಿದೆ ಎಂದು ಅಲ್ಲಿ ತೆಗೆದು ನೋಡುತ್ತಾರೆ. ಸೇರಿ ನಾಲ್ಕು ತಿಂಗಳಾದ ಮೇಲೆ ಸಿಕ್ಕಿಬಿದ್ದು ಒಂದೇ ದಿನದಲ್ಲಿ ಹೊರಬಿದ್ದವರನ್ನು ನೋಡಿದ್ದೇನೆ. ಬಹಳ ನೋವಿನ ದೃಶ್ಯ ಅದು, ಏಕೆಂದರೆ ಅಷ್ಟರಲ್ಲಿ ಅವರು ಕೆಲಸ ಕಲಿತೂ ಆಗಿರುತ್ತದೆ.

6. ದಾರಿ, ಗೇಟು, ಸಮಯ

ಟೆಕ್ ಪಾರ್ಕ್‌ನ ಹೆಸರು ಗೊತ್ತಿದ್ದರೆ ಸಾಲದು. ಬ್ಲಾಕ್, ಟವರ್, ಮಹಡಿ ಯಾವುದೆಂದು ಕೇಳಿ ಬರೆದುಕೊಳ್ಳಿ. ನಾಗವಾರದ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಗೇಟಿನಿಂದ ಒಳಗಿನ ಕಟ್ಟಡಕ್ಕೆ ನಡೆಯುವುದೇ ಒಂದು ಪಯಣ. ಗೇಟಿನಲ್ಲಿ ಗುರುತಿನ ಚೀಟಿ ತೋರಿಸಬೇಕು, ವಿಸಿಟರ್ ಪಾಸ್ ಮಾಡಿಸಬೇಕು, ಲ್ಯಾಪ್‌ಟಾಪ್ ಇದ್ದರೆ ಅದರ ಸೀರಿಯಲ್ ನಂಬರ್ ಬರೆಸಬೇಕು. ಇದಕ್ಕೇ ಅರ್ಧ ಗಂಟೆ ಬೇರೆ ಇಟ್ಟುಕೊಳ್ಳಿ. ಪೆನ್‌ಡ್ರೈವ್ ಮನೆಯಲ್ಲೇ ಬಿಡಿ.

ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಕಡೆಗೆ ನೇರಳೆ ಮೆಟ್ರೊ ಇದೆ, ಅಲ್ಲಿನ ಐಟಿಪಿಎಲ್ ಟೆಕ್ ಪಾರ್ಕ್‌ಗೆ ಹೋಗುವವರು ಪಟ್ಟಂದೂರು ಅಗ್ರಹಾರದಲ್ಲಿ ಇಳಿಯಬೇಕು. ಎಲೆಕ್ಟ್ರಾನಿಕ್ ಸಿಟಿಗೆ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆವರೆಗೆ ಹೋಗಿ, ಅಲ್ಲಿ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗಕ್ಕೆ ಬದಲಿಸಿ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಸ್ಸಿನೊಳಗೆ ಕೂತು ಗಡಿಯಾರ ನೋಡುವ ಸಂಕಟ ಇದರಿಂದ ತಪ್ಪುತ್ತದೆ. ಬೆಳ್ಳಂದೂರು, ಮಾರತ್ತಹಳ್ಳಿ ಕಡೆಯ ಹೊರವರ್ತುಲ ರಸ್ತೆಗೆ ಹೋಗುವವರು ಬೆಳಿಗ್ಗೆ ಎಂಟಕ್ಕೆ ಮುಂಚೆಯೇ ಹೊರಟರೆ ಒಳ್ಳೆಯದು. ದೂರದ ಊರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ನೇರ ಇಂಟರ್‌ವ್ಯೂಗೆ ಹೋಗುವುದನ್ನು ಸಾಧ್ಯವಾದರೆ ತಪ್ಪಿಸಿ, ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲೋ ಸ್ನೇಹಿತರ ಪಿಜಿಯಲ್ಲೋ ಉಳಿಯಿರಿ. ನಿದ್ದೆಗೆಟ್ಟ ತಲೆಗೆ ಮರುಪ್ರಶ್ನೆ ಕೇಳಿಸುವುದೇ ಇಲ್ಲ.

ಆನ್‌ಲೈನ್ ಆದರೆ ಕರೆಂಟು, ನೆಟ್‌ವರ್ಕ್ ಎರಡಕ್ಕೂ ಬದಲಿ ವ್ಯವಸ್ಥೆ ಮಾಡಿಕೊಳ್ಳಿ, ಇನ್ನೊಂದು ಕಂಪನಿಯ ಸಿಮ್ ಇರುವ ಫೋನ್ ಪಕ್ಕದಲ್ಲಿರಲಿ. ಬೇರೆ ಪರದೆ ನೋಡಿ ಓದಿದರೆ ನಮಗೆ ಗೊತ್ತಾಗುತ್ತದೆ. ಕಣ್ಣು ಒಂದೇ ಸಾಲಿನಲ್ಲಿ ಎಡದಿಂದ ಬಲಕ್ಕೆ ಸರಿಯುತ್ತದೆ, ಉತ್ತರ ಪುಸ್ತಕದ ಭಾಷೆಯಲ್ಲಿ ಬರುತ್ತದೆ, ಮರುಪ್ರಶ್ನೆ ಕೇಳಿದೊಡನೆ ಹತ್ತು ಸೆಕೆಂಡ್ ಮೌನ. ಗೊತ್ತಿಲ್ಲ ಎಂದು ಹೇಳಿ, ‘ಆದರೆ ಹೀಗೆ ಯೋಚಿಸುತ್ತೇನೆ’ ಎಂದು ಮುಂದುವರಿಸಿದವರಿಗೆ ನಾನು ಅಂಕ ಕೊಟ್ಟಿದ್ದೇನೆ.

7. ಎಚ್‌ಆರ್ ಸುತ್ತು: ಸಿಟಿಸಿಯನ್ನು 12ರಿಂದ ಭಾಗಿಸಬೇಡಿ

ಸಿಟಿಸಿ ಎಂದರೆ ನಿಮ್ಮ ಮೇಲೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಅದು ಕೈಗೆ ಬರುವ ಸಂಬಳವಲ್ಲ. ₹6,00,000 ಸಿಟಿಸಿ ಎಂದು ಹೇಳಿದರು ಎನ್ನೋಣ. ಅದರಲ್ಲಿ ₹60,000 ವೇರಿಯಬಲ್, ಅಂದರೆ ಕಂಪನಿಯ ಮತ್ತು ನಿಮ್ಮ ಸಾಧನೆ ನೋಡಿ ಕೊಡುವ, ಖಾತ್ರಿಯಿಲ್ಲದ ಭಾಗ. ಮೂಲ ವೇತನ ₹3,00,000 ಆದರೆ ಕಂಪನಿ ಕಟ್ಟುವ ಪಿಎಫ್ ಶೇ 12ರಂತೆ ₹36,000, ಗ್ರ್ಯಾಚುಟಿ, ಅಂದರೆ ವರ್ಷಗಟ್ಟಲೆ ದುಡಿದು ಕೆಲಸ ಬಿಡುವಾಗ ಕೊಡುವ ಹಣ, ಶೇ 4.81ರಂತೆ ₹14,430. ಇವಿಷ್ಟೂ ಸಿಟಿಸಿಯೊಳಗೇ ಸೇರಿರುತ್ತವೆ. ಉಳಿಯುವುದು ₹4,89,570, ತಿಂಗಳಿಗೆ ಸುಮಾರು ₹40,800. ಅದರಿಂದ ನಿಮ್ಮ ಪಾಲಿನ ಪಿಎಫ್ ₹3,000, ವೃತ್ತಿ ತೆರಿಗೆ ₹200 ಕಳೆದರೆ ಕೈಗೆ ಬರುವುದು ಸುಮಾರು ₹37,600. ‘ಐವತ್ತು ಸಾವಿರ ಬರುತ್ತೆ’ ಎಂದು ಮನೆಯಲ್ಲಿ ಹೇಳಿ, ಅದನ್ನೇ ನಂಬಿ ಬಾಡಿಗೆ ಮನೆಗೆ ಮುಂಗಡ ಕೊಟ್ಟವರಿದ್ದಾರೆ. ಕಂಪನಿಯಿಂದ ಕಂಪನಿಗೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಆದ್ದರಿಂದ ಸಂಬಳದ ವಿವರದ ಪಟ್ಟಿಯನ್ನು ಬರಹದಲ್ಲಿ ಕೇಳಿ.

ನೋಟಿಸ್ ಪಿರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ, ಎಷ್ಟು ದಿನ? ಬಾಂಡ್, ಅಂದರೆ ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರು, ಇದೆಯೇ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು? ರಾತ್ರಿ ಪಾಳಿ ಇದೆಯೇ, ಕ್ಯಾಬ್ ಕೊಡುತ್ತಾರೆಯೇ? ಸಹಿ ಹಾಕುವ ಮುಂಚೆ ಕೇಳಿ. ಹಾಗೆಯೇ, ಹೊಸ ಕಂಪನಿಯ ಆಫರ್ ಲೆಟರ್ ಕೈಗೆ ಬರುವ ಮುಂಚೆ ಬಾಯಿಮಾತು ನಂಬಿ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

8. ಅವತ್ತೇ ಬರೆದಿಡಿ

ಹೊರಗೆ ಬಂದೊಡನೆ ಎಲ್ಲಾದರೂ ಕೂತು, ಒಂದು ಕಾಫಿ ಮುಗಿಯುವುದರೊಳಗೆ ಬರೆಯಿರಿ. ಮರುದಿನಕ್ಕೆ ಪ್ರಶ್ನೆ ನೆನಪಿರುತ್ತದೆ, ಮರುಪ್ರಶ್ನೆ ಮರೆತಿರುತ್ತದೆ. ಬರಹ ಹೀಗಿರಲಿ (ಹ್ಯಾಶ್‌ಮ್ಯಾಪ್ ಎಂದರೆ ಒಂದು ಕೀ ಕೊಟ್ಟು ಅದರ ಮಾಹಿತಿಯನ್ನು ಬೇಗ ಹುಡುಕುವ ವ್ಯವಸ್ಥೆ, ಬಕೆಟ್ ಎಂದರೆ ಅದರೊಳಗಿನ ಒಂದು ಜಾಗ):

‘ಮಾರ್ಚ್ ಎರಡನೇ ವಾರ. ಜಾವಾ ಡೆವಲಪರ್, ಎರಡು ವರ್ಷದ ಅನುಭವ, ರೆಫರಲ್. ಎರಡನೇ ಸುತ್ತು, ಐವತ್ತು ನಿಮಿಷ. ಹ್ಯಾಶ್‌ಮ್ಯಾಪ್ ಒಳಗೆ ಹೇಗೆ ಕೆಲಸ ಮಾಡುತ್ತೆ ಅಂದರು, ಹೇಳಿದೆ. ಎರಡು ಕೀ ಒಂದೇ ಬಕೆಟ್‌ಗೆ ಬಂದರೆ ಅಂದರು, ಲಿಂಕ್ಡ್ ಲಿಸ್ಟ್ ಅಂದೆ. ಆ ಲಿಸ್ಟ್ ತುಂಬಾ ಉದ್ದ ಆದರೆ ಅಂದರು, ಗೊತ್ತಾಗಲಿಲ್ಲ. ರೂಮಿಗೆ ಬಂದು ನೋಡಿದೆ: ಜಾವಾ 8ರಿಂದ ಅದು ಟ್ರೀ ಆಗಿ ಬದಲಾಗುತ್ತೆ, ಹುಡುಕೋದು ಬೇಗ ಆಗುತ್ತೆ.’

ಇಷ್ಟು ಬರೆದರೆ ನಿಮಗೂ ಉಪಯೋಗ, ನಾಳೆ ನಿಮ್ಮನ್ನು ಕೇಳುವ ಜೂನಿಯರ್‌ಗೂ ಉಪಯೋಗ. ಹಂಚಿಕೊಳ್ಳುವಾಗ ಇಂಟರ್‌ವ್ಯೂ ಮಾಡಿದವರ ಹೆಸರು ಬೇಡ. ಆನ್‌ಲೈನ್ ಪರೀಕ್ಷೆಯ ಪ್ರಶ್ನೆಗಳನ್ನು ಹೊರಗೆ ಹಾಕುವುದಿಲ್ಲ ಎಂದು ಒಪ್ಪಿ ಬಟನ್ ಒತ್ತಿದ್ದರೆ ಅವುಗಳ ಫೋಟೊ ಬೇಡ.

ಫಲಿತಾಂಶಕ್ಕೆ ಅವರು ಹೇಳಿದ ದಿನದವರೆಗೆ ಕಾಯಿರಿ. ದಿನ ಹೇಳಿರದಿದ್ದರೆ ಒಂದು ವಾರ ಬಿಟ್ಟು ರಿಕ್ರೂಟರ್‌ಗೆ ಎರಡು ಸಾಲಿನ ಮೇಲ್ ಹಾಕಿ: ಯಾವ ದಿನ, ಯಾವ ಹುದ್ದೆಯ ಇಂಟರ್‌ವ್ಯೂಗೆ ಬಂದಿದ್ದಿರಿ, ಮುಂದಿನ ಹಂತದ ಬಗ್ಗೆ ತಿಳಿಸಿದರೆ ಉಪಕಾರವಾಗುತ್ತದೆ ಎಂದು. ಇನ್ನೊಂದು ವಾರಕ್ಕೆ ಇನ್ನೊಂದು ಮೇಲ್. ಅದಕ್ಕೂ ಉತ್ತರ ಬಾರದಿದ್ದರೆ ಫೋನ್ ಮೇಲೆ ಫೋನ್ ಮಾಡಬೇಡಿ. ಆರು ತಿಂಗಳು ಬಿಟ್ಟು ಅದೇ ಕಂಪನಿಗೆ ಮತ್ತೆ ಅರ್ಜಿ ಹಾಕಬಹುದು, ಬಹಳಷ್ಟು ಕಡೆ ಅದಕ್ಕೆ ಅವಕಾಶವಿದೆ.